ಸೇಬಿನ ಕಡ್ಡಿಗೆ ತುಂಬಿದ ಉಡಿ

ಫ್ರಿಜ್ಜಿನ ಬಾಗಿಲು ತೆಗೆದರೆ ಇವತ್ತಿಗೂ ಆ ವಾಸನೆ ಬರುತ್ತದೆ, ಮಾಗಿದ ಸೇಬಿಗೆ ಒಂಚೂರು ಲವಂಗ ಬೆರೆತಂತೆ. ನಿಮಗೂ ಬಾಲ್ಯದ ಅಂಥದ್ದೊಂದು ವಾಸನೆ ಇದ್ದೀತು. ಜರ್ಮನಿಯ ಶ್ವೀಬರ್ಡಿಂಗೆನ್ ಊರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ನೆಲಮಾಳಿಗೆಯ ತುಂಬ ಇದೇ ಇತ್ತು. ಮನೆಯೊಡತಿಯನ್ನು ನಾನು ಓಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆ. ಹಿತ್ತಲಿನ ಸೇಬಿನ ಮರ ಅವಳ ಅಜ್ಜಿ ನೆಟ್ಟಿದ್ದು. ಅಕ್ಟೋಬರಿನಲ್ಲಿ ಕಿತ್ತಾಗ ಹಣ್ಣು ಕಲ್ಲಿನಂತೆ ಗಟ್ಟಿ, ಹಲ್ಲು ಜುಂ ಎನ್ನುವಷ್ಟು ಹುಳಿ. ಒಂದಕ್ಕೊಂದು ತಾಗದಂತೆ ಹುಲ್ಲಿನ ಮೇಲೆ ಜೋಡಿಸಿಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಸಿಪ್ಪೆ ಮೇಣದಂತೆ ಜಿಡ್ಡಾಗಿ, ಒಳಗೆ ಸಿಹಿ ತುಂಬುತ್ತಿತ್ತು; ಬೇಸಿಗೆಯವರೆಗೂ ಕೆಡುತ್ತಿರಲಿಲ್ಲ. ಧಾರವಾಡದಿಂದ ಬಂದ ಅವ್ವನಿಗೆ ಅಷ್ಟು ತಾಳ್ಮೆ ಎಲ್ಲಿಯದು! "ಇದು ಸೇಬಲ್ಲ ಬಿಡವಾ, ಮಾವಿನಕಾಯಿ. ಉಪ್ಪು ಖಾರ ಹಚ್ಚೇನಿ, ತಿನ್ನ ಬಾ," ಎನ್ನುತ್ತಿದ್ದಳು.

ನಾವು ಆ ಮನೆ ಬಿಟ್ಟ ದಿನ ಓಮಾ ಐದು ಸೇಬು ತಂದು ಅವ್ವನ ಸೆರಗಿಗೆ ಉಡಿ ತುಂಬಿದಳು, ತವರಿನಿಂದ ಹೊರಟ ಮಗಳಿಗೆ ತುಂಬುವ ಹಾಗೆ. ಅವ್ವನಿಂದಲೇ ಕಲಿತದ್ದು. ಇಬ್ಬರೂ ಬಾಗಿಲಲ್ಲೇ ನಿಂತು ಅತ್ತರು.

ಹೋದ ವರ್ಷ ಓಮಾ ತೀರಿಕೊಂಡಳು. ಮನೆ ಮಾರಾಟವಾಯಿತು, ಮರ ಕಡಿಯುತ್ತಾರೆಂದು ಗೊತ್ತಾಯಿತು. ಹಣ್ಣು ಹಿಡಿದು ನರ್ಸರಿಯ ಮುದುಕನ ಬಳಿ ಓಡಿದೆ. "ಈ ತಳಿ ಬೇರೆಲ್ಲೂ ಕಂಡಿಲ್ಲ. ಬೀಜ ಬಿತ್ತಿದರೆ ಬೇರೆಯದೇ ಹಣ್ಣಾಗುತ್ತದೆ, ಕಸಿಯೊಂದೇ ದಾರಿ. ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಮಾರ್ಚಿನವರೆಗೆ ಫ್ರಿಜ್ಜಿನಲ್ಲಿಡು," ಎಂದ. ಜನವರಿಯಲ್ಲಿ ಏಳು ಕಡ್ಡಿ ತಂದೆ. ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ನೆನೆಸಿ ಸುತ್ತಿದೆ. ತವರು ಬಿಟ್ಟು ಬರುವವರನ್ನು ಬರಿ ಉಡಿಯಲ್ಲಿ ಕರೆತರಬಾರದಲ್ಲ ಎಂದು, ಓಮಾಳ ನೆಲಮಾಳಿಗೆಯಲ್ಲಿ ಉಳಿದಿದ್ದ ಕೊನೆಯ ಐದು ಸೇಬುಗಳನ್ನೂ ಅದರೊಳಗಿಟ್ಟು ಗಂಟು ಕಟ್ಟಿದೆ. ಎಷ್ಟು ಹಿಗ್ಗಿದೆ ಅವತ್ತು, ಹುಚ್ಚಿ ನಾನು! ಫೆಬ್ರವರಿಯಲ್ಲಿ ಮರ ಉರುಳಿತು.

ಮಾರ್ಚಿನಲ್ಲಿ ಮುದುಕ ಕಸಿ ಕಟ್ಟಿದ. ಮೇ ಬಂದರೂ ಒಂದೂ ಚಿಗುರಲಿಲ್ಲ. ಕಡ್ಡಿಗಳನ್ನು ಹೇಗಿಟ್ಟಿದ್ದೆ ಎಂದು ಕೇಳಿದ, ಹೇಳಿದೆ. "ಸೇಬಿನ ಜೊತೆಗಾ?" ಎಂದು ತಲೆ ಹಿಡಿದುಕೊಂಡ. ಮಾಗಿದ ಸೇಬು ಬಿಡುವ ಗಾಳಿಗೆ ಕಡ್ಡಿಯ ಮೊಗ್ಗು ಸತ್ತೇ ಹೋಗುತ್ತದಂತೆ. ಅಯ್ಯೋ ದೇವರೇ, ನನ್ನ ಕೈಯಾರೆ ಕೊಂದೆ. ಇನ್ನೊಂದು ಕಡ್ಡಿ ಎಲ್ಲಿಂದ ತರಲಿ?

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಚಿಗತಾವೇನವಾ?"

"ಚಿಗತಾವ, ಅವ್ವಾ," ಎಂದೆ.

ಐದರಲ್ಲಿ ಉಳಿದಿದ್ದ ಒಂದೇ ಒಂದನ್ನು ಹೆಚ್ಚಿ, ಉಪ್ಪು ಖಾರ ಹಚ್ಚಿ ಕೊಟ್ಟೆ. ಅವಳು ಕಣ್ಣು ಮುಚ್ಚಿ ತಿಂದಳು. ಕೊನೆಯ ಹೋಳನ್ನು ನನ್ನ ಬಾಯಿಗಿಟ್ಟು, "ತಿನ್ನವಾ. ಇನ್ನ ನಮ್ಮ ಗಿಡದ್ದ ಬರ್ತಾವಲ್ಲ," ಎಂದಳು.