ಎರಡು ಗಂಟೆಗೊಮ್ಮೆ ಏಳುವ ಮನುಷ್ಯ

ಕಗ್ಗದಾಸಪುರದ ಮುನಿಆಂಜನಪ್ಪನಿಗೆ ಸಿಟ್ಟು ಹುಟ್ಟಿನಿಂದಲೇ ಬಂದದ್ದು ಎಂದು ಅವನ ಬಾಡಿಗೆಯವರು ಹೇಳುತ್ತಿದ್ದರು. ಶುದ್ಧ ಸುಳ್ಳು. ಅಪ್ಪನ ಹುರುಳಿ ಹೊಲದಲ್ಲಿ ನಾಲ್ಕು ಮಹಡಿ ಕಟ್ಟಿಸಿ, ಹನ್ನೆರಡು ಸಂಸಾರಗಳನ್ನು ತುಂಬಿಸಿಕೊಳ್ಳುವವರೆಗೆ ಅವನು ನಗುನಗುತ್ತಲೇ ಇದ್ದವನು.

ಅವನನ್ನು ಕೆಡಿಸಿದ್ದು ನೀರು. ಬೋರ್‌ವೆಲ್ ಬತ್ತುತ್ತಾ ಬಂದು, ಅರ್ಧ ಗಂಟೆ ಮೋಟಾರ್ ಓಡಿಸಿದರೆ ಎರಡು ಗಂಟೆ ಸುಮ್ಮನೆ ಬಿಡಬೇಕಾಗಿತ್ತು. ಮುನಿಆಂಜನಪ್ಪ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆರು ವರ್ಷ, ಪ್ರತಿ ರಾತ್ರಿ ಮೂರು ಸಲ ತಾನೇ ಎದ್ದು ಹೋಗಿ ಹಾಕಿದ, ಕಾದು ಕೂತು ಆರಿಸಿದ. ಎರಡನೇ ಮಹಡಿಯ ಸುನೀಲ್ ಆಟೊಮ್ಯಾಟಿಕ್ ಸ್ವಿಚ್ ಹಾಕಿಸೋಣ ಎಂದಾಗ ಗದರಿಬಿಟ್ಟ: “ನಮ್ ಭೂಮಿ ನೀರಪ್ಪಾ ಇದು. ನಿನ್ ಡಬ್ಬಕ್ಕೇನ್ ಗೊತ್ತು?”

ಇತ್ತ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೂ ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರರಿಂದ ಕೆಳಗಿಳಿಯಲೊಲ್ಲದು. ಅನ್ನ ಬಿಟ್ಟ. ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕಿಳಿಸಿದ. ಹಾಗಲಕಾಯಿ ರಸ ಕುಡಿದು ಮುಖ ಕಿವುಚಿದ. ಏನೂ ಪ್ರಯೋಜನವಿಲ್ಲ! ಹಗಲೆಲ್ಲ ತೂಕಡಿಕೆ, ಎಚ್ಚರವಾದರೆ ಸಿಡಿಮಿಡಿ. ಕೊನೆಗೆ ಅನುಮಾನ ಹೆಂಡತಿ ಅಕ್ಕಯಮ್ಮನ ಮೇಲೆ ತಿರುಗಿತು. ಕದ್ದುಮುಚ್ಚಿ ಸಾರಿಗೆ ಬೆಲ್ಲ ಹಾಕುತ್ತಾಳೆಂದು ಇಡೀ ಕಟ್ಟಡ ಕೇಳುವಂತೆ ಕೂಗಾಡಿದ. ಮೂವತ್ತೆಂಟು ವರ್ಷ ಅವನಿಗೆ ಬೇಯಿಸಿ ಹಾಕಿದ ಹೆಂಗಸು ಬ್ಯಾಗು ತುಂಬಿಕೊಂಡು ಹೊರಮಾವಿನ ತಂಗಿಯ ಮನೆಗೆ ಹೋಗಿಬಿಟ್ಟಳು.

ಹತ್ತು ದಿನ ತಾನೇ ಸಾರು ಮಾಡಿಕೊಂಡು ಉಂಡ. ಸಕ್ಕರೆ ಇನ್ನೂರ ಹದಿನೆಂಟು! ರಕ್ತಪರೀಕ್ಷೆಯ ಚೀಟಿ ಹಿಡಿದು ಇಂದಿರಾನಗರದ ಡಾಕ್ಟರ್ ಪದ್ಮಶ್ರೀ ಹತ್ತಿರ ಓಡಿದ.

“ನಿದ್ದೆ ಹೆಂಗ್ ಬರತ್ತೆ?” ಎಂದರು ಅವರು.

“ಸಕ್ಕರೆ ಕೇಳಕ್ಕೆ ಬಂದ್ರೆ ನಿದ್ದೆ ಕೇಳ್ತೀರಲ್ಲಮ್ಮಾ!” ಎಂದು ರೇಗಿದರೂ ಮೋಟಾರಿನ ಕಥೆ ಹೇಳಿದ.

“ದಿನಾ ಹಿಂಗೆ ನಿದ್ದೆ ಕೆಟ್ರೆ ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡಲ್ಲ ರೀ. ಸಕ್ಕರೆ ಏರತ್ತೆ, ಜೊತೆಗೆ ಸಿಟ್ಟೂ ಏರತ್ತೆ. ಮಾತ್ರೆ ಎಷ್ಟು ಮುಖ್ಯನೋ ನಿದ್ದೆನೂ ಅಷ್ಟೇ.”

ಬಸ್ಸಿನಲ್ಲಿ ಕೂತವನಿಗೆ ಸಿಟ್ಟು ಬಂತು. ಮೊದಲು ಡಾಕ್ಟರ ಮೇಲೆ, ಆಮೇಲೆ ಮೋಟಾರಿನ ಮೇಲೆ, ಕೊನೆಗೆ ತನ್ನ ಮೇಲೆಯೇ. ಅಂದೇ ಸಂಜೆ ಸುನೀಲನನ್ನು ಕರೆದು ಆ ಡಬ್ಬ ಹಾಕಿಸಿದ. ಮೂರು ವಾರ ರಾತ್ರಿಯಿಡೀ ನಿದ್ದೆ ಮಾಡಿದ ಮೇಲೆ ಸಕ್ಕರೆ ನೂರ ಐವತ್ತಾರಕ್ಕಿಳಿಯಿತು. ಅಕ್ಕಯಮ್ಮನಿಗೆ ಫೋನ್ ಮಾಡಿದ.

“ನೀನು ಬೆಲ್ಲ ಹಾಕಿರ್ಲಿಲ್ಲ ಕಣೇ. ನಿದ್ದೆಗೆಟ್ಟು ಹಂಗಾಗಿತ್ತಂತೆ. ತಪ್ಪು ನಂದೇ. ಮನೆಗ್ ಬಾ.”

“ನೀವು ಎದ್ದಾಗೆಲ್ಲ ನಾನೂ ಏಳ್ತಿದ್ದೆ,” ಎಂದಳು ಅಕ್ಕಯಮ್ಮ. “ಕತ್ತಲಲ್ಲಿ ಎಲ್ಲಿ ಬಿದ್ಬಿಡ್ತೀರೋ ಅಂತ, ನೀವು ವಾಪಸ್ ಬರೋಗಂಟ ಬಾಗ್ಲು ನೋಡ್ಕೊಂಡು ಕೂತಿರ್ತಿದ್ದೆ. ಆರು ವರ್ಷ. ಒಂದಿನ ಆದ್ರೂ ಕೇಳಿದ್ರಾ?”

ಮುನಿಆಂಜನಪ್ಪನ ಕೈ ಉಡಿದಾರದ ಕೀಲಿಯ ಮೇಲೆ ಹೋಯಿತು.

“ಇಲ್ಲಿ ಚೆನ್ನಾಗ್ ನಿದ್ದೆ ಬರ್ತಿದೆ. ಇನ್ನೊಂದಷ್ಟು ದಿನ ಮಲಗ್ತೀನಿ,” ಎಂದು ಅವಳು ಫೋನ್ ಇಟ್ಟಳು.