ಕನಿಷ್ಕನ ಕೋಟು

ಬೆಳಗಿನ ಐದೂಮುಕ್ಕಾಲಿಗೆ ಶಾಲೆಯ ವ್ಯಾನು ಹಾರ್ನ್ ಹೊಡೆದರೆ, ಕೊಲ್ಲಿ ನಾಡಿನ ಬನಿಯಾಸಿನಲ್ಲಿ ನಮ್ಮ ಕಟ್ಟಡದ ಮಕ್ಕಳೆಲ್ಲ ಅರ್ಧ ಬಾಚಿದ ತಲೆಯಲ್ಲೇ ಕೆಳಗೋಡುತ್ತಿದ್ದ ಕಾಲ ಅದು. ನಾನಾಗ ಆರನೇ ಕ್ಲಾಸು. ಉಮ್ಮ ಡಬ್ಬಿಗೆ ಅಕ್ಕಿಯ ಪುಂಡಿ, ಒಣಮೀನಿನ ಚಟ್ನಿ ಹಾಕುತ್ತಿದ್ದರು. ಅದರ ವಾಸನೆಗೆ ಉಳಿದವರು ಮೂಗು ಮುಚ್ಚಿಕೊಂಡರೆ, ಡ್ರೈವರ್ ಚಾಚಾ ಮಾತ್ರ "ನನಗೊಂದು ತುಂಡು ಕೊಡು ಬೇಟಿ" ಎಂದು ಕೈ ಚಾಚುತ್ತಿದ್ದರು. ಅವರು ಪೇಶಾವರದ ಪಠಾಣ.

ಆ ಚಳಿಗಾಲ ಶಾಲೆಯಲ್ಲಿ ಪ್ರಾಚೀನ ರಾಜರ ವೇಷ ಹಾಕಿ ಅವರ ಕಥೆ ಒಪ್ಪಿಸುವ ಕಾರ್ಯಕ್ರಮ. ಅಶೋಕ, ಹರ್ಷ ಎಲ್ಲ ಚುರುಕಿನವರ ಪಾಲಾಗಿ ನನಗೆ ಉಳಿದದ್ದು ಕನಿಷ್ಕ. ಪುಸ್ತಕದಲ್ಲಿದ್ದ ಅವನ ವಿಗ್ರಹಕ್ಕೆ ತಲೆಯೇ ಇರಲಿಲ್ಲ. ಉದ್ದ ಕೋಟು, ದಪ್ಪ ಬೂಟು, ಕತ್ತಿ, ಅಷ್ಟೇ.

"ಯಾ ಅಲ್ಲಾ, ತಲೆ ಇಲ್ಲದ ರಾಜ! ನಿನಗೆ ಸಮ ಆಯ್ತು ನೋಡು," ಎಂದು ಉಮ್ಮ ನಕ್ಕರು. "ಆದರೆ ಈ ಊರಲ್ಲಿ ಅಂಥ ಕೋಟು ಎಲ್ಲಿಂದ ತರುದು ಮಾರಾಯ್ತಿ?"

ಮರುದಿನ ವ್ಯಾನಿನಲ್ಲಿ ಅಳುಮುಖ ಮಾಡಿಕೊಂಡು ಪುಸ್ತಕ ತೋರಿಸಿದೆ. ನಕ್ಷೆಯಲ್ಲಿ ಪುರುಷಪುರದ ಮೇಲೆ ಬೆರಳಿಟ್ಟು, ಇದೇ ನಿಮ್ಮ ಪೇಶಾವರವಂತೆ, ಕನಿಷ್ಕನ ರಾಜಧಾನಿಯಂತೆ ಎಂದೆ. ಚಾಚಾ ಬಹಳ ಹೊತ್ತು ನೋಡಿದರು.

"ನಮ್ಮೂರ ಬಾದಶಹನಾ? ಹಾಗಾದರೆ ನಮ್ಮೂರ ಕೋಟೇ ಬೇಕು. ಅಳಬೇಡ."

ಮರುದಿನ ಅವರು ತಂದುಕೊಟ್ಟದ್ದು, ಊರು ಬಿಡುವಾಗ ಅವರ ತಾಯಿ ಕೊಟ್ಟಿದ್ದ ಉಣ್ಣೆಯ ಕೋಟು. ಈ ಸೆಕೆಯ ಊರಲ್ಲಿ ಒಂದು ದಿನವೂ ತೊಟ್ಟಿರಲಿಲ್ಲ. ನುಸಿಗುಳಿಗೆಯ ಘಾಟಿನ ಒಳಗೆ ಕಟ್ಟಿಗೆ ಒಲೆಯ ಹೊಗೆ ಇನ್ನೂ ಕುಳಿತಿತ್ತು.

ವೇಷದ ದಿನ ವೇದಿಕೆ ಹತ್ತಿದಾಗ ಕೋಟು ನನ್ನ ಪಾದ ಮುಟ್ಟುತ್ತಿತ್ತು. ಕುಶಾನರ ರಾಜ್ಯದ ಎಲ್ಲೆ, ಕಾಶ್ಮೀರದ ಬೌದ್ಧ ಸಭೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಇಳಿದು ಬರುವಾಗ ಹಿಂದಿ ಟೀಚರ್ ಕೋಟನ್ನು ಸವರಿ, ಇಷ್ಟು ಚಂದದ್ದು ಯಾರದು ಎಂದು ಕೇಳಿದರು.

"ನನ್ನ ಉಪ್ಪನದು," ಎಂದುಬಿಟ್ಟೆ.

ಅಪ್ಪನದಲ್ಲ, ಡ್ರೈವರಿನ ಕೋಟು ಎಂದರೆ ಗೆಳತಿಯರು ವರ್ಷವಿಡೀ ಆಡಿಕೊಂಡಾರು ಎಂಬ ಹೆದರಿಕೆ. ತಿರುಗಿದರೆ ಬಾಗಿಲಲ್ಲಿ ಚಾಚಾ. ನನ್ನ ವೇಷ ನೋಡಲೆಂದೇ ಬೇಗ ಬಂದಿದ್ದರು.

ಅವರು ಬೈಯಲಿಲ್ಲ. ವ್ಯಾನಿನಲ್ಲಿ ಕೋಟನ್ನು ಮಡಿಚಿ ಪಕ್ಕದ ಸೀಟಿನಲ್ಲಿಟ್ಟು, "ಚೆನ್ನಾಗಿ ಹೇಳಿದೆ ಬೇಟಿ" ಎಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನಾಳೆ ತಪ್ಪಾಯ್ತು ಎನ್ನೋಣ ಎಂದುಕೊಂಡೆ. ನಾಳೆ ನಾಳೆ ಎನ್ನುತ್ತ ಪರೀಕ್ಷೆ ಮುಗಿಯಿತು, ಬೇಸಿಗೆ ರಜೆಗೆ ಮಂಗಳೂರಿಗೆ ಹೋದೆವು. ಮರಳಿ ಬಂದಾಗ ವ್ಯಾನಿನಲ್ಲಿ ಬೇರೆ ಡ್ರೈವರ್.

"ಅವನಾ? ಖಲಾಸ್. ವೀಸಾ ಕ್ಯಾನ್ಸಲ್, ಊರಿಗೆ ಹೋದ," ಎಂದ.

ಈಗ ಬನಿಯಾಸಿನ ಪಕ್ಕದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳನ್ನು ನಾನೇ ಕಾರಿನಲ್ಲಿ ಶಾಲೆಗೆ ಬಿಡುತ್ತೇನೆ. ಅವಳ ಡಬ್ಬಿಗೆ ಕೈ ಚಾಚುವ ಚಾಚಾ ಯಾರೂ ಇಲ್ಲ. ಮೊನ್ನೆ ಅವಳಿಗೂ ಕುಶಾನರ ಪಾಠ ಬಂತು. ಓದಿಸುತ್ತ ಕೂತವಳು ಇದನ್ನೆಲ್ಲ ಹೇಳಿಬಿಟ್ಟೆ. ಕೇಳಿ ಮುಗಿಸಿ ಅವಳು, ಆ ಚಾಚಾನ ಹೆಸರೇನು ಮಮ್ಮಾ, ಹುಡುಕೋಣ ಎಂದಳು.

ಐದು ವರ್ಷ ಅವರ ವ್ಯಾನಿನಲ್ಲಿ ಓಡಾಡಿದ್ದೆ. ಹೆಸರು ಕೇಳಿರಲೇ ಇಲ್ಲ.