ನೀರಿನೊಳಗೆ ನಾನು, ದಡದಲ್ಲಿ ಅಕ್ಕ

ಸ್ನೇಹಿತರೇ, ಇವತ್ತು ಅಕ್ಕ ನನ್ನನ್ನು ಕೆರೆಯಿಂದ ಹಗ್ಗದಲ್ಲಿ ಎಳೆದು ದಡಕ್ಕೆ ಹಾಕಿದಳು.

ಮೂರ್ನಾಡಿನ ಹತ್ತಿರ ನಮ್ಮ ಕಾಫಿ ತೋಟದ ಕೆರೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಕೈಯಲ್ಲಿ ನೀರಿಳಿಯದ ಕವಚದೊಳಗೆ ಪುಟ್ಟ ಡಿಜಿಟಲ್ ಕ್ಯಾಮೆರಾ, ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ಪಾಚಿಯ ಪಕ್ಕ ಒಂದು ಕೊರವ ಮೀನು ತನ್ನ ಕೆಂಪು ಮರಿಗಳನ್ನು ಕಾಯುತ್ತಿತ್ತು. ನಾನು ಉಸಿರು ಬಿಟ್ಟಾಗೆಲ್ಲ ಗುಳ್ಳೆಗಳಿಗೆ ಹೆದರಿ ಮರಿಗಳು ಚದುರುತ್ತಿದ್ದವು. ಕಾದು ಕಾದು ತಾಳ್ಮೆ ಕೆಟ್ಟು ಉಸಿರು ಬಿಗಿಹಿಡಿದೆ. ಮರಿಗಳು ಒಟ್ಟಾದವು. ಬಟನ್ ಒತ್ತುವಷ್ಟರಲ್ಲಿ ಹಗ್ಗ ಜಗ್ಗಿತು.

“ಎಂಥಕ್ಕೆ ಎಳೆದದ್ದು? ಫೋಟೋ ಹೋಯ್ತಲ್ಲ” ಎಂದು ದಡದಲ್ಲಿ ರೇಗಿದೆ.

“ಗುಳ್ಳೆ ಬರುದು ನಿಂತಿತಲ್ಲ ಮಾರಾಯ್ತಿ. ಮೇಲೆ ಕೂತವಳಿಗೆ ಬೇರೆ ಎಂಥ ಕಾಣ್ತದೆ?” ಎಂದಳು ಅಕ್ಕ. ಹಗ್ಗ ಉಜ್ಜಿ ಅವಳ ಅಂಗೈ ಕೆಂಪಾಗಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಅವಳದು ಮಾತ್ರ ಇಳಿದಿಲ್ಲ. ಸಂಜೆ ಚಹಾ ಕುಡಿಯುವಾಗ, “ನಾಳೆ ನಾನು ಇಳೀತೇನೆ. ನೀನು ದಡದಲ್ಲಿ ಕೂತು ನೋಡು, ಹೇಗಾಗ್ತದೆ ಅಂತ ಗೊತ್ತಾಗ್ಲಿ” ಎಂದಳು.

ಅಕ್ಕನಿಗೆ ಈಜು ಬರುವುದಿಲ್ಲ, ನಿಜಕ್ಕೂ ಇಳಿಯಲಿಕ್ಕಿಲ್ಲ. ಆದರೂ ಸಿಲಿಂಡರನ್ನು ನನ್ನ ಮಂಚದ ಕೆಳಗೆ ತಳ್ಳಿಟ್ಟುಕೊಂಡಿದ್ದೇನೆ.